ಗರ್ಭಕೊರಳಿನ ಟೋಪಿ: ಯಾರಿಗೆ ಒಪ್ಪುತ್ತದೆ, ಯಾರಿಗೆ ಒಪ್ಪದು?



ಈ ತಿಂಗಳ ಅಂಚೆಯಲ್ಲಿ ಕೋಲಾರ ಜಿಲ್ಲೆಯಿಂದಲೇ ಎರಡು ಪತ್ರಗಳು ಬಂದಿವೆ. ಒಂದು ಬಂಗಾರಪೇಟೆಯದು, ಇನ್ನೊಂದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯದು. ಕೇಳಿರುವ ಪ್ರಶ್ನೆ ಒಂದೇ. ಉತ್ತರ ಮಾತ್ರ ಇಬ್ಬರಿಗೂ ಬೇರೆ ಬೇರೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಇಂತಹ ವಿಷಯವನ್ನು ಬಾಯಿ ಬಿಟ್ಟು ಕೇಳಲು ನಾಚಿಕೆಪಡುವವರೇ ಹೆಚ್ಚು. ಆದರೆ ಅನ್ಸಾರಿ ಮಹಿಳೆಯರು ತಮ್ಮ ದೇಹಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಪ್ರವಾದಿಯವರ(ಸ) ಬಳಿಯೇ ಕೇಳಿ ತಿಳಿದುಕೊಳ್ಳುತ್ತಿದ್ದರು. ಕಲಿಯುವ ವಿಷಯದಲ್ಲಿ ಲಜ್ಜೆ ಅವರಿಗೆ ಅಡ್ಡಿಯಾಗಲಿಲ್ಲ. ನಮಗೂ ಅಡ್ಡಿಯಾಗಬಾರದು.

ಬಂಗಾರಪೇಟೆಯ ಸಹೋದರಿಗೆ ಇಪ್ಪತ್ತೇಳು ವರ್ಷ. ಮೂರು ಮಕ್ಕಳು, ಮೂರೂ ಸಹಜ ಹೆರಿಗೆ. ಕಿರಿಯ ಮಗುವಿಗೆ ಐದು ತಿಂಗಳು, ಎದೆಹಾಲು ಕುಡಿಯುತ್ತಿದೆ. ಕಳೆದ ತಿಂಗಳು ಮತ್ತೆ ಮುಟ್ಟು ಆರಂಭವಾಗಿದೆ. ಕಳೆದ ಬಸಿರಿನಲ್ಲಿ ಎರಡು ಬಾರಿ ಉರಿಮೂತ್ರ ಬಂದಿತ್ತು. ಹೆರಿಗೆಯ ಹೊತ್ತಿಗೆ ಹೀಮೋಗ್ಲೋಬಿನ್ 8ಕ್ಕೆ ಇಳಿದಿತ್ತು. "ಇನ್ನು ಎರಡು ಮೂರು ವರ್ಷ ಬಸಿರಾಗಬೇಡಿ" ಎಂದು ಡಾಕ್ಟರು ಎಚ್ಚರಿಸಿ ಕಳುಹಿಸಿದ್ದಾರೆ. ಎರಡನೇ ಮಗುವಾದ ಮೇಲೆ ಗರ್ಭನಿರೋಧಕ ಮಾತ್ರೆ ನುಂಗಿದಾಗ ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ತಲೆ ಸಿಡಿಯುತ್ತಿತ್ತಂತೆ. ಕಾಪರ್ ಟಿ ಹಾಕಿಸಿದರೆ ಅದು ಮೇಲಕ್ಕೆ ಏರಿ ಎದೆಗೆ ಹೋಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಪತಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು. ಹೀಗಿರುವಾಗ ಗಲ್ಫ್‌ನಿಂದ ಬಂದ ನಾದಿನಿ ಪುಟ್ಟ ಡಬ್ಬಿಯೊಂದನ್ನು ಕೈಗಿತ್ತಿದ್ದಾರೆ. ಅದರೊಳಗೆ ಮೆದುವಾದ ಟೋಪಿಯಂತಹ ಒಂದು ವಸ್ತು, ಮೇಲೆ 22 ಎಂಬ ಅಂಕಿ. "ಇದನ್ನು ನಾನು ಬಳಸಬಹುದೇ? ನಮ್ಮ ದೀನ್‌ನಲ್ಲಿ ಇದಕ್ಕೆ ಅವಕಾಶವಿದೆಯೇ?" ಎಂಬುದು ಅವರ ಪ್ರಶ್ನೆ.

ರಾಬರ್ಟ್‌ಸನ್‌ಪೇಟೆಯ ಸಹೋದರಿ ಶಾಲಾ ಶಿಕ್ಷಕಿ. ಮೂವತ್ತೊಂದು ವರ್ಷ. ಒಂದೇ ಮಗು, ಮೂರು ವರ್ಷದ ಹಿಂದೆ ಸಿಸೇರಿಯನ್ ಆಗಿ ಹುಟ್ಟಿದ್ದು. ಕಾಪರ್ ಟಿ ಹಾಕಿಸಿದ್ದರು, ಮುಟ್ಟಿನ ಸ್ರಾವ ತೀರಾ ಹೆಚ್ಚಾಗಿ ತೆಗೆಸಿದರು. ಪತಿಗೆ ರಬ್ಬರ್ ತಾಗಿದರೆ ಚರ್ಮ ಊದಿಕೊಳ್ಳುವ ಅಲರ್ಜಿ, ಆದ್ದರಿಂದ ನಿರೋಧ್ ಆಗದು. ಹಾರ್ಮೋನು ಮಾತ್ರೆ ಇವರಿಗೆ ಇಷ್ಟವಿಲ್ಲ. ಎಲ್ಲೋ ಡಯಾಫ್ರಮ್ ಬಗ್ಗೆ ಓದಿದ್ದಾರೆ. "ಇದು ನನಗೆ ಸರಿಹೋಗುತ್ತದೆಯೇ ಎಂದು ತಿಳಿಯುವುದು ಹೇಗೆ?" ಎಂದು ಕೇಳಿದ್ದಾರೆ.

ಏನಿದು ಸಾಧನ?

ಗರ್ಭಕೋಶದ ಬಾಯಿ ಯೋನಿಯ ಒಳತುದಿಯಲ್ಲಿ ಇರುತ್ತದೆ. ಅದನ್ನು ಗರ್ಭಕೊರಳು ಎನ್ನುತ್ತೇವೆ. ಬೆರಳಿನಿಂದ ಮುಟ್ಟಿದರೆ ಮೂಗಿನ ತುದಿಯಂತೆ ಗಟ್ಟಿಯಾಗಿ ಸಿಗುತ್ತದೆ. ಅದರ ಬಾಯನ್ನು ಮುಚ್ಚಿಬಿಟ್ಟರೆ ವೀರ್ಯಾಣು ಒಳಗೆ ಹೋಗದು. ಡಯಾಫ್ರಮ್ ಮತ್ತು ಸರ್ವಿಕಲ್ ಕ್ಯಾಪ್ ಎರಡೂ ಮಾಡುವ ಕೆಲಸ ಇಷ್ಟೇ.

ಡಯಾಫ್ರಮ್ ಅಗಲವಾದ, ಆಳವಿಲ್ಲದ ಬಟ್ಟಲಿನ ಹಾಗಿರುತ್ತದೆ. ಅಂಚಿನಲ್ಲಿ ಬಾಗುವ ಬಳೆಯಿದೆ. ಬಳೆಯನ್ನು ಒತ್ತಿ ಒಳಗೆ ಸೇರಿಸಿದರೆ ಅದು ಬಿಚ್ಚಿಕೊಂಡು, ಹಿಂದುಗಡೆ ಗರ್ಭಕೊರಳಿನ ಆಚೆಗೂ ಮುಂದುಗಡೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಹಿಂದಕ್ಕೂ ಆತುಕೊಂಡು ಕೂರುತ್ತದೆ. ಕ್ಯಾಪ್ ಇದಕ್ಕಿಂತ ಚಿಕ್ಕದು, ನಾವಿಕರ ಟೋಪಿಯಂತೆ ಗರ್ಭಕೊರಳಿನ ಮೇಲೆಯೇ ಕೂರುತ್ತದೆ. ಹಿಂದೆ ಇವನ್ನು ರಬ್ಬರಿನಿಂದ ಮಾಡುತ್ತಿದ್ದರು. ಈಗ ಹೆಚ್ಚಾಗಿ ಸಿಲಿಕೋನ್‌ನಿಂದ ಮಾಡುತ್ತಾರೆ. ಎರಡನ್ನೂ ವೀರ್ಯಾಣುವನ್ನು ಕೊಲ್ಲುವ ಅಥವಾ ತಡೆಯುವ ಜೆಲ್ ಹಚ್ಚಿಯೇ ಬಳಸಬೇಕು. ಟೋಪಿ ಬಾಗಿಲಾದರೆ ಜೆಲ್ ಅದರ ಚಿಲಕ.

ಹೊಸ ಆವಿಷ್ಕಾರವೇನೂ ಇದಲ್ಲ. ಜರ್ಮನಿಯ ವೈದ್ಯ ವಿಲ್ಡೆ 1838ರಲ್ಲೇ ಅಳತೆ ತೆಗೆದು ರಬ್ಬರಿನ ಟೋಪಿ ಮಾಡಿಸಿದ್ದರು. ನಂತರ ಹಾಲೆಂಡಿನ ಮೊದಲ ಮಹಿಳಾ ವೈದ್ಯೆಯರಲ್ಲಿ ಒಬ್ಬರಾದ ಅಲೆಟ್ಟಾ ಜೇಕಬ್ಸ್ ಡಯಾಫ್ರಮ್ಮನ್ನು ಬಡ ಹೆಂಗಸರಿಗೆ ಪರಿಚಯಿಸಿದರು. ಹಾಗಾಗಿ ಅದಕ್ಕೆ ಡಚ್ ಕ್ಯಾಪ್ ಎಂಬ ಹೆಸರೇ ಬಂತು. ನಮ್ಮ ನಾಡೂ ಈ ವಿಷಯದಲ್ಲಿ ಹಿಂದೆ ಇರಲಿಲ್ಲ. ಕೋಲಾರ ಆಗ ಮೈಸೂರು ಸಂಸ್ಥಾನದಲ್ಲಿತ್ತು. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ಇಂತಹ ಹೆಜ್ಜೆ ಇಟ್ಟ ಜಗತ್ತಿನ ಮೊದಲ ನಿದರ್ಶನಗಳಲ್ಲಿ ಅದೂ ಒಂದು. ಸ್ವಾತಂತ್ರ್ಯಾನಂತರ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಆರಂಭವಾದಾಗ ಡಯಾಫ್ರಮ್ ಮತ್ತು ಜೆಲ್ಲನ್ನು ಚಿಕಿತ್ಸಾಲಯಗಳಲ್ಲಿ ಕೊಡುತ್ತಿದ್ದರು. ಅದೇ ಕಾಲದಲ್ಲಿ ರಾಮನಗರದ ಹಳ್ಳಿಗಳಲ್ಲಿ ದಿನಗಳನ್ನು ಎಣಿಸಲು ಹೆಂಗಸರಿಗೆ ಮಣಿಸರ ಕೊಟ್ಟು ಸುರಕ್ಷಿತ ದಿನಗಳ ಪ್ರಯೋಗವನ್ನೂ ನಡೆಸಲಾಯಿತು.

ಡಯಾಫ್ರಮ್ ನಮ್ಮಲ್ಲಿ ಏಕೆ ನಿಲ್ಲಲಿಲ್ಲ? ಅದನ್ನು ಹಾಕಿಕೊಳ್ಳಲು ಮರೆಯಾದ ಜಾಗ ಬೇಕು. ತೊಳೆಯಲು ಶುದ್ಧ ನೀರು ಬೇಕು. ಅಳತೆ ನೋಡಲು ಮಹಿಳಾ ವೈದ್ಯರು ಬೇಕು. ಇವು ಮೂರೂ ನಮ್ಮ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. 1965ರಲ್ಲಿ ಲೂಪ್ ಬಂತು, ಅನಂತರ ಶಸ್ತ್ರಚಿಕಿತ್ಸೆಯೇ ಮುಖ್ಯವಾಯಿತು. 1975-77ರ ತುರ್ತುಪರಿಸ್ಥಿತಿಯಲ್ಲಿ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳ ಭಯ ಇಂದಿಗೂ ಅನೇಕ ಮುಸ್ಲಿಮ್ ಮನೆಗಳಲ್ಲಿ ಮಾಸಿಲ್ಲ. ಇವತ್ತಿಗೂ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವಲಂಬಿಸಿರುವುದು ಶಸ್ತ್ರಚಿಕಿತ್ಸೆಯನ್ನು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಅಂತರಕ್ಕಾಗಿ ತಾತ್ಕಾಲಿಕ ವಿಧಾನ ಹುಡುಕುವ ಸಹೋದರಿಯರಿಗೆ ಸಿಗುವ ಸಲಹೆ ಕಡಿಮೆ.

ಧರ್ಮದ ಮಾತು

ಸಹಾಬಿಗಳ ಕಾಲದಲ್ಲಿ ಅಝ್ಲ್, ಅಂದರೆ ವೀರ್ಯವನ್ನು ಹೊರಗೆ ಬಿಡುವ ಪದ್ಧತಿ ರೂಢಿಯಲ್ಲಿತ್ತು, ಕುರ್‌ಆನ್ ಅವತೀರ್ಣವಾಗುತ್ತಿದ್ದ ದಿನಗಳಲ್ಲೂ ನಾವು ಅದನ್ನು ಮಾಡುತ್ತಿದ್ದೆವು ಎಂದು ಹಝ್ರತ್ ಜಾಬಿರ್(ರ) ತಿಳಿಸಿರುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ಗಝಾಲಿಯವರು ಪತ್ನಿಯ ಜೀವ ಮತ್ತು ಆರೋಗ್ಯದ ರಕ್ಷಣೆಯನ್ನು ಇದಕ್ಕೆ ಒಪ್ಪತಕ್ಕ ಕಾರಣಗಳಲ್ಲಿ ಎಣಿಸಿದ್ದಾರೆ. ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ಸಭೆ ಸೇರಿ ಹೇಳಿದ್ದರ ಸಾರ ಇದು: ಪತಿಪತ್ನಿ ಪರಸ್ಪರ ಸಮಾಲೋಚಿಸಿ, ಒಪ್ಪಿ, ಹಾನಿಯಿಲ್ಲದ ವಿಧಾನದಿಂದ ತಾತ್ಕಾಲಿಕವಾಗಿ ಅಂತರ ಇಟ್ಟುಕೊಳ್ಳಬಹುದು. ಅನಿವಾರ್ಯವಾದ ವೈದ್ಯಕೀಯ ಕಾರಣವಿಲ್ಲದೆ ಶಾಶ್ವತವಾಗಿ ಸಂತಾನಶಕ್ತಿಯನ್ನೇ ಕೊನೆಗೊಳಿಸಬಾರದು.

ಟೋಪಿಯೂ ಅಝ್ಲ್‌ನಂತೆಯೇ ವೀರ್ಯ ಅಂಡವನ್ನು ಸೇರದಂತೆ ತಡೆಯುತ್ತದೆ. ತೆಗೆದಿಟ್ಟರೆ ಆ ತಿಂಗಳಿನಿಂದಲೇ ಗರ್ಭ ನಿಲ್ಲಬಹುದು. ಆದ್ದರಿಂದ ಈ ವಿಧಾನದ ಬಗ್ಗೆ ಮನಸ್ಸಿನಲ್ಲಿ ಅಪರಾಧ ಭಾವ ಇಟ್ಟುಕೊಳ್ಳಬೇಕಾಗಿಲ್ಲ. ಹೆಚ್ಚಿನ ವಿವರಕ್ಕೆ ನೀವು ನಂಬುವ ಆಲಿಮರನ್ನು ಕೇಳಿ. ಆದರೆ ಒಂದು ಮಾತು ನೆನಪಿರಲಿ. ಧರ್ಮದಲ್ಲಿ ಅವಕಾಶವಿದೆ ಎಂಬುದು ಒಂದು ಪ್ರಶ್ನೆ, ನನ್ನ ದೇಹಕ್ಕೆ ಒಪ್ಪುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದು ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಎಂದಾಗುವುದಿಲ್ಲ.

ಎಷ್ಟು ನಂಬಬಹುದು?

ಯಾವ ವಿಧಾನವನ್ನೂ ಬಳಸದಿದ್ದರೆ ಒಂದು ವರ್ಷದಲ್ಲಿ 100 ದಂಪತಿಗಳಲ್ಲಿ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ಸಾಮಾನ್ಯ ಬಳಕೆಯಲ್ಲಿ ಡಯಾಫ್ರಮ್ ಮತ್ತು ಜೆಲ್ ಜೊತೆಯಾಗಿದ್ದರೂ 100ರಲ್ಲಿ ಸುಮಾರು 17 ಮಂದಿ ಬಸಿರಾಗುತ್ತಾರೆ. ಕ್ಯಾಪ್‌ನ ಲೆಕ್ಕ ಹೆರಿಗೆಯಾಗಿದೆಯೇ ಇಲ್ಲವೇ ಎಂಬುದರ ಮೇಲೆ ಬದಲಾಗುತ್ತದೆ. ಹೆರದವರಲ್ಲಿ ಸುಮಾರು 16, ಹೆತ್ತವರಲ್ಲಿ ಸುಮಾರು 32. ಸಹಜ ಹೆರಿಗೆಯಲ್ಲಿ ಗರ್ಭಕೊರಳು ಅರಳಿ ಆಕಾರ ಬದಲಾಗಿರುತ್ತದೆ, ಟೋಪಿ ಮೊದಲಿನಷ್ಟು ಬಿಗಿಯಾಗಿ ಕೂರುವುದಿಲ್ಲ.

ಹೋಲಿಸಿ ನೋಡಿ. ನಿರೋಧ್ ಬಳಸುವವರಲ್ಲಿ ಸುಮಾರು 13, ದಿನದ ಮಾತ್ರೆ ನುಂಗುವವರಲ್ಲಿ 7, ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಪಡೆಯುವವರಲ್ಲಿ 4, ಕಾಪರ್ ಟಿ ಇರುವವರಲ್ಲಿ ಒಂದಕ್ಕಿಂತ ಕಡಿಮೆ. ಅಂದರೆ ಟೋಪಿ ಇರುವುದರಲ್ಲಿ ದುರ್ಬಲ ವಿಧಾನ. "ಬಸಿರಾದರೆ ಜೀವಕ್ಕೇ ಅಪಾಯ" ಎಂದು ವೈದ್ಯರು ಹೇಳಿರುವ ಮಹಿಳೆ ಇದೊಂದನ್ನೇ ನೆಚ್ಚಿಕೊಳ್ಳಬಾರದು. ತೀವ್ರ ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಕಡು ರಕ್ತಹೀನತೆ ಇರುವವರು ಈ ಗುಂಪಿಗೆ ಸೇರುತ್ತಾರೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನಿಮ್ಮ ದೇಹಕ್ಕೆ ಇದು ಹೊಂದುತ್ತದೆಯೇ ಎಂದು ನೋಡಲು ವೈದ್ಯರು ಕೇಳುವ ಪ್ರಶ್ನೆಗಳನ್ನು ಮೊದಲು ನೀವೇ ಕೇಳಿಕೊಳ್ಳಿ.

ಹೆರಿಗೆಯಾಗಿ ಎಷ್ಟು ದಿನ? ಕನಿಷ್ಠ ಆರು ವಾರ ಕಳೆದು, ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಿದ ಮೇಲೆಯೇ ಅಳತೆ ನೋಡಬೇಕು. ನಾಲ್ಕೈದು ತಿಂಗಳಲ್ಲಿ ಗರ್ಭಪಾತವಾಗಿದ್ದರೂ ಇದೇ ನಿಯಮ. ಹಳೆಯ ಅಳತೆಯ ಡಯಾಫ್ರಮ್ ಇದ್ದವರು ಪ್ರತಿ ಹೆರಿಗೆಯ ನಂತರ, ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಮತ್ತು ತೂಕ ತುಂಬ ಏರಿಳಿದಾಗ ಮತ್ತೆ ತೋರಿಸಬೇಕು.

ಗರ್ಭಕೋಶ ಜಾರಿದೆಯೇ? ಕೆಮ್ಮಿದಾಗ, ಕೊಡ ಎತ್ತಿದಾಗ ಕೆಳಗೆ ಏನೋ ಬಂದಂತೆ ಅನಿಸುವುದು, ಮೂತ್ರ ಸೋರುವುದು ಇದರ ಲಕ್ಷಣ. ಸ್ನಾಯು ಸಡಿಲವಾಗಿದ್ದರೆ ಡಯಾಫ್ರಮ್ ತನ್ನ ಜಾಗದಲ್ಲಿ ನಿಲ್ಲದು.

ಪದೇ ಪದೇ ಉರಿಮೂತ್ರ ಬರುತ್ತದೆಯೇ? ಡಯಾಫ್ರಮ್‌ನ ಬಳೆ ಮೂತ್ರನಾಳವನ್ನು ಒತ್ತುತ್ತದೆ, ಜೆಲ್ ಅಲ್ಲಿನ ಒಳ್ಳೆಯ ರೋಗಾಣುಗಳನ್ನೂ ಕೆಡಿಸುತ್ತದೆ. ಸೋಂಕು ಹೆಚ್ಚಾಗಬಹುದು.

ರಬ್ಬರಿನ ಅಲರ್ಜಿ ಇದೆಯೇ? ಇದ್ದರೆ ಸಿಲಿಕೋನ್‌ನದ್ದೇ ಬೇಕು. ರಬ್ಬರಿನ ಸಾಧನಕ್ಕೆ ಕೊಬ್ಬರಿ ಎಣ್ಣೆ, ವ್ಯಾಸಲಿನ್ ತಾಗಿಸಬಾರದು, ಅದು ಹಾಳಾಗುತ್ತದೆ.

ಗರ್ಭಕೊರಳಿನ ಪರೀಕ್ಷೆಯಲ್ಲಿ ಕ್ಯಾನ್ಸರಿನ ಮುನ್ಸೂಚನೆ ಕಂಡಿದೆಯೇ? ಹಾಗಿದ್ದರೆ ಕ್ಯಾಪ್ ಬೇಡ. ದುರ್ವಾಸನೆಯ ಬಿಳಿಸೆರಗು, ಕೆಳಹೊಟ್ಟೆ ನೋವು ಇದ್ದರೆ ಮೊದಲು ಚಿಕಿತ್ಸೆ ಆಗಲಿ.

ಎಚ್‌ಐವಿ ಸೋಂಕಿನ ಸಂಭವವಿದೆಯೇ? ನಾನಾಕ್ಸಿನಾಲ್-9 ಎಂಬ ವೀರ್ಯನಾಶಕ ಒಳಚರ್ಮವನ್ನು ಕೆರಳಿಸಿ ಸೋಂಕು ತಗಲುವ ಅಪಾಯವನ್ನು ಹೆಚ್ಚಿಸುತ್ತದೆ. ಅಂತಹವರಿಗೆ ನಿರೋಧ್ ಒಂದೇ ರಕ್ಷಣೆ.

ಹಿಂದೆ ಟಾಕ್ಸಿಕ್ ಶಾಕ್ ಎಂಬ ವಿಷಸೋಂಕು ಬಂದಿತ್ತೇ? ಬಂದಿದ್ದರೆ ಈ ಸಾಧನ ಕೂಡದು.

ಕೊನೆಯದಾಗಿ, ನಿಮ್ಮ ಬೆರಳಿನಿಂದ ನಿಮ್ಮ ದೇಹವನ್ನು ಮುಟ್ಟಿ ನೋಡಲು ನಿಮಗೆ ಸಂಕೋಚವಿಲ್ಲವೇ? ಹಾಕುವುದು, ತೆಗೆಯುವುದು ಎರಡೂ ನಿಮ್ಮ ಕೈಯ ಕೆಲಸ. ಇದು ಆಗದು ಎನಿಸಿದರೆ ಅದು ನಿಮ್ಮ ತಪ್ಪಲ್ಲ, ಬೇರೆ ವಿಧಾನ ನೋಡೋಣ.

ಮನೆಯೂ ಒಪ್ಪಬೇಕು

ದೇಹ ಒಪ್ಪಿದರೆ ಸಾಲದು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಕುಟುಂಬಗಳಿಗೆ ಆಸರೆಯಾಗಿದ್ದ ಕಂಪೆನಿ ಆಸ್ಪತ್ರೆಯ ಬಾಗಿಲೂ ಮುಚ್ಚಿತು. ದುಡಿಯುವವರು ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವಂತಾಯಿತು. ಗಣಿ ಕಾಲದ ಲೈನ್ ಮನೆಗಳಲ್ಲಿ ಒಂದೆರಡು ಕೋಣೆ, ಹೊರಗೆ ಹಂಚಿಕೊಂಡ ಶೌಚಾಲಯ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕೊಡ ಸಾಲು ಹಿಡಿಯುವ ಬೀದಿಗಳು. ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ಮಲಗುವ ಮನೆಯಲ್ಲಿ ಡಬ್ಬಿಯನ್ನು ಎಲ್ಲಿಡುವಿರಿ? ಎಲ್ಲಿ ತೊಳೆದು ಒಣಗಿಸುವಿರಿ? ಅಂಗಡಿಯಲ್ಲಿ ಕೊಳ್ಳುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಬಳಸಿದ ಮೇಲೆ ಸಾದಾ ಸೋಪು ಮತ್ತು ಶುದ್ಧ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪೌಡರ್ ಹಾಕದೆ ಡಬ್ಬಿಯಲ್ಲಿಡಬೇಕು. ಬಳಸುವ ಮುನ್ನ ಬೆಳಕಿಗೆ ಹಿಡಿದು, ಬಿರುಕು ಅಥವಾ ತೂತು ಇದೆಯೇ ಎಂದು ನೋಡಬೇಕು.

ಅಳತೆ ನೋಡುವುದು ಹೇಗೆ?

ಮಹಿಳಾ ವೈದ್ಯರು ಎರಡು ಬೆರಳನ್ನು ಒಳಗಿಟ್ಟು, ಗರ್ಭಕೊರಳಿನ ಹಿಂಭಾಗದಿಂದ ಮುಂದಿನ ಎಲುಬಿನವರೆಗಿನ ಉದ್ದವನ್ನು ಅಂದಾಜು ಮಾಡುತ್ತಾರೆ. ಆ ಅಳತೆಯ ಬಳೆಯನ್ನು ಹಾಕಿ ನೋಡುತ್ತಾರೆ. ಸರಿಯಾಗಿ ಕೂತಿದ್ದರೆ ನಡೆದಾಗ, ಕುಕ್ಕರಗಾಲಲ್ಲಿ ಕೂತಾಗ, ಕೆಮ್ಮಿದಾಗ ಅದು ಇರುವುದೇ ಗೊತ್ತಾಗಬಾರದು. ಚಿಕ್ಕದಾದರೆ ಜಾರುತ್ತದೆ, ದೊಡ್ಡದಾದರೆ ಒತ್ತಿ ನೋಯಿಸುತ್ತದೆ. ನಂತರ ಅಲ್ಲಿಯೇ ನೀವು ಹಾಕಿ ತೆಗೆದು ಕಲಿಯಬೇಕು. ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿ, ಅದನ್ನು ಹಾಕಿಕೊಂಡೇ ಮತ್ತೆ ತೋರಿಸಬೇಕು. ಆ ವಾರ ಬೇರೆ ವಿಧಾನವನ್ನೂ ಜೊತೆಗಿಟ್ಟುಕೊಳ್ಳಬೇಕು.

ಒಂದೇ ಅಳತೆಯಲ್ಲಿ ಬರುವ ಡಯಾಫ್ರಮ್ 2013ರಿಂದ ವಿದೇಶಗಳಲ್ಲಿ ಸಿಗುತ್ತಿದೆ. ಹೆಚ್ಚಿನ ಮಹಿಳೆಯರಿಗೆ ಸರಿಹೋಗುತ್ತದೆ, ಎಲ್ಲರಿಗೂ ಅಲ್ಲ. ಸಿಲಿಕೋನ್ ಕ್ಯಾಪ್‌ನಲ್ಲಿ ಮೂರು ಅಳತೆಗಳಿವೆ. 22 ಎಂಬುದು ಎಂದೂ ಬಸಿರಾಗದವರಿಗೆ. 26 ಎಂಬುದು ಬಸಿರಾಗಿ ಗರ್ಭಪಾತವಾದವರಿಗೆ ಅಥವಾ ಸಿಸೇರಿಯನ್ ಆದವರಿಗೆ. 30 ಎಂಬುದು ಸಹಜ ಹೆರಿಗೆಯಾದವರಿಗೆ.

ಗುಸ್ಲ್ ಮತ್ತು ಆರು ಗಂಟೆ

ಸಂಭೋಗದ ನಂತರ ಕನಿಷ್ಠ ಆರು ಗಂಟೆ ಸಾಧನವನ್ನು ತೆಗೆಯಬಾರದು. ಅಷ್ಟರೊಳಗೆ ತೆಗೆದರೆ ಜೀವಂತವಿರುವ ವೀರ್ಯಾಣು ಒಳಗೆ ಸಾಗುತ್ತದೆ. ನಮ್ಮ ಮನೆಗಳಲ್ಲಿ ವಿಫಲವಾಗುವ ಜಾಗ ಇದೇ ಎಂದು ನನಗನಿಸುತ್ತದೆ. ಫಜ್ರ್‌ಗೆ ಎದ್ದು ಗುಸ್ಲ್ ಮಾಡುವಾಗ ಶುದ್ಧಿಗಾಗಿ ಅದನ್ನೂ ತೆಗೆದು, ಒಳಗೆ ನೀರು ಹಾಕಿ ತೊಳೆದುಬಿಡುತ್ತಾರೆ. ಗುಸ್ಲ್‌ನಲ್ಲಿ ನೀರು ತಲುಪಬೇಕಾದ್ದು ದೇಹದ ಹೊರಭಾಗಕ್ಕೆ, ಆಳದಲ್ಲಿರುವ ಸಾಧನ ಅದಕ್ಕೆ ಅಡ್ಡಿಯಲ್ಲ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನಿಮ್ಮ ಮದ್ಹಬ್‌ನ ಆಲಿಮರಿಂದ ಖಚಿತಪಡಿಸಿಕೊಳ್ಳಿ. ಗುಸ್ಲ್ ಮಾಡಿ, ನಮಾಝ್ ಮಾಡಿ, ಸಾಧನ ತನ್ನ ಜಾಗದಲ್ಲಿರಲಿ, ಗಂಟೆ ಎಣಿಸಿ ತೆಗೆಯಿರಿ. ರಮಝಾನ್‌ನಲ್ಲಿ ಉಪವಾಸದ ಹೊತ್ತಿನಲ್ಲಿ ಹಾಕುವ, ತೆಗೆಯುವ ವಿಷಯದಲ್ಲಿ ಭಿನ್ನ ಅಭಿಪ್ರಾಯಗಳಿವೆ, ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಹಾಗೆಂದು ಮರೆತು ಬಿಡುವಂತಿಲ್ಲ. ಡಯಾಫ್ರಮ್ 24 ಗಂಟೆಗಿಂತ ಹೆಚ್ಚು, ಕ್ಯಾಪ್ 48 ಗಂಟೆಗಿಂತ ಹೆಚ್ಚು ಒಳಗಿರಬಾರದು. ಮುಟ್ಟಿನ ದಿನಗಳಲ್ಲಿ ಇದನ್ನು ಹಾಕಲೇಬಾರದು. ಇದ್ದಕ್ಕಿದ್ದಂತೆ ಜೋರು ಜ್ವರ, ಬಿಸಿಲಿಗೆ ಸುಟ್ಟಂತೆ ಮೈ ಕೆಂಪಾಗುವುದು, ವಾಂತಿ ಭೇದಿ, ತಲೆ ತಿರುಗುವುದು ಕಂಡರೆ ತಕ್ಷಣ ಸಾಧನ ತೆಗೆದು ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಪ್ರಾಣಕ್ಕೆ ಎರವಾಗುವ ಸೋಂಕು ಅದು.

ಬಂಗಾರಪೇಟೆಯ ಸಹೋದರಿಗೆ

ತಂಗೀ, ನಾದಿನಿ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಆ ಡಬ್ಬಿಯನ್ನು ನೀವು ಬಳಸಬೇಡಿ. 22 ಎಂಬುದು ಬಸಿರೇ ಆಗದವರ ಅಳತೆ. ನಿಮಗೆ ಮೂರು ಸಹಜ ಹೆರಿಗೆಯಾಗಿದೆ, ಅದು ನಿಮ್ಮಲ್ಲಿ ನಿಲ್ಲುವುದೇ ಇಲ್ಲ. ಮೇಲಾಗಿ ಅದು ಮತ್ತೊಬ್ಬರಿಗೆ ಕೊಂಡದ್ದು, ಬಳಸಿದ ಸಾಧನವನ್ನು ಹಂಚಿಕೊಳ್ಳಲೇಬಾರದು. ಸರಿಯಾದ 30ರ ಅಳತೆ ತರಿಸಿದರೂ ಹೆತ್ತ ಮಹಿಳೆಯರಲ್ಲಿ ಮೂವರಲ್ಲಿ ಒಬ್ಬರಿಗೆ ವರ್ಷದೊಳಗೆ ಅದು ಕೈಕೊಡುತ್ತದೆ. ಹೀಮೋಗ್ಲೋಬಿನ್ 8ಕ್ಕೆ ಇಳಿದಿದ್ದ ನಿಮಗೆ ಆ ಅಪಾಯ ಬೇಡ. ಡಯಾಫ್ರಮ್ ಕೂಡ ಉರಿಮೂತ್ರದ ಕಾರಣದಿಂದ ನಿಮಗೆ ಹೇಳಿಸಿದ್ದಲ್ಲ.

ಎದೆಹಾಲು ಕೊಡುತ್ತಿರುವುದರಿಂದ ಬಸಿರಾಗುವುದಿಲ್ಲ ಎಂದು ಕೂಡ ನಂಬಬೇಡಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಮಾತ್ರ ಕೊಡುತ್ತಿರಬೇಕು, ಮುಟ್ಟು ಬಂದಿರಬಾರದು. ಈ ಮೂರೂ ಕೂಡಿದಾಗ ಮಾತ್ರ ಆ ರಕ್ಷಣೆ. ನಿಮಗೆ ಮುಟ್ಟು ಬಂದಾಗಿದೆ.

ಹಾಗಾದರೆ ದಾರಿ? ಈ ವಾರವೇ ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮೊದಲು ಬಸಿರಿಲ್ಲ ಎಂದು ಪರೀಕ್ಷಿಸಿಕೊಳ್ಳಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ. ಛಾಯಾ ಎಂಬ ಮಾತ್ರೆ ಅಲ್ಲಿ ಉಚಿತ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಇದು 1991ರಿಂದ ಸಹೇಲಿ ಎಂಬ ಹೆಸರಲ್ಲಿ ಮಾರಾಟದಲ್ಲಿದೆ. ಇದರಲ್ಲಿ ಹಾರ್ಮೋನು ಇಲ್ಲ, ಎದೆಹಾಲಿಗೆ ತೊಂದರೆಯಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ಸ್ವಲ್ಪ ಮುಂದೆ ಹೋಗಬಹುದು. ಕಾಮಾಲೆ ಆಗಿದ್ದರೆ, ಅಂಡಾಶಯದಲ್ಲಿ ನೀರುಗುಳ್ಳೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಕಾಪರ್ ಟಿ ಎದೆಗೆ ಏರುತ್ತದೆ ಎಂಬುದು ನಿಜವಲ್ಲ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚುವ ಸಂಭವ ಅತಿ ವಿರಳ, ಆಗಲೂ ಅದು ಹೊಟ್ಟೆಯಲ್ಲೇ ಉಳಿಯುತ್ತದೆ. ಅತ್ತೆಯವರನ್ನು ಜರೆಯದೆ, ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನರ್ಸಮ್ಮನ ಬಾಯಿಂದಲೇ ಕೇಳಿಸಿ. ಆದರೆ ಕಾಪರ್ ಟಿಯಿಂದ ಮುಟ್ಟಿನ ಸ್ರಾವ ಹೆಚ್ಚಾಗಬಹುದು, ರಕ್ತ ಕಡಿಮೆಯಿರುವ ನಿಮಗೆ ಇದನ್ನು ವೈದ್ಯರು ತೂಗಿ ನೋಡಬೇಕು. ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿ, ಅದರ ಜೊತೆಗೆ ಚಹಾ ಕುಡಿಯಬೇಡಿ. ಅಂತರ ಎಂಬ ಮೂರು ತಿಂಗಳ ಚುಚ್ಚುಮದ್ದೂ ಉಚಿತವಾಗಿ ಸಿಗುತ್ತದೆ. ಅದರಿಂದ ನಡುನಡುವೆ ರಕ್ತ ಕಾಣಿಸಿಕೊಳ್ಳುವುದುಂಟು. ಅದು ಹೈಝ್ ಅಲ್ಲದ ಇಸ್ತಿಹಾಝ ಆಗಿದ್ದರೆ ನಮಾಝ್ ಬಿಡಬೇಕಿಲ್ಲ, ಆದರೆ ಯಾವುದು ಯಾವುದೆಂದು ಆಲಿಮರಲ್ಲಿ ಕೇಳಿ ತಿಳಿಯಿರಿ. ಮಿಂಚು ಹೊಡೆಯುವ ತಲೆನೋವಿನ ವಿಷಯವನ್ನು ಮಾತ್ರ ಯಾವ ವೈದ್ಯರಿಗೂ ಮರೆಯದೆ ಹೇಳಿ. ಅಂತಹ ತಲೆನೋವಿದ್ದವರು ಮಾಲಾ-ಎನ್‌ನಂತಹ ದಿನದ ಮಾತ್ರೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯವಿದೆ. ಯಾರು ಕೊಟ್ಟರೂ ಅದನ್ನು ನೀವು ಮುಟ್ಟಬೇಡಿ.

ಈ ನಿರ್ಧಾರವಾಗುವವರೆಗೆ ನಿರೋಧ್ ಇರಲಿ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾರೆ. ಪತಿ ಎಷ್ಟೇ ದಣಿದು ಬರಲಿ, ಈ ಮಾತನ್ನು ಅವರೊಂದಿಗೆ ಆಡಲೇಬೇಕು. ಎಂದಾದರೂ ತಪ್ಪಿದರೆ 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಬೇಗ ನುಂಗಿದಷ್ಟೂ ಒಳ್ಳೆಯದು. ಅದು ತುರ್ತಿಗೆ ಮಾತ್ರ, ಪ್ರತಿ ತಿಂಗಳ ಅಭ್ಯಾಸಕ್ಕಲ್ಲ.

ರಾಬರ್ಟ್‌ಸನ್‌ಪೇಟೆಯ ಸಹೋದರಿಗೆ

ನಿಮ್ಮ ವಿಷಯ ಬೇರೆ. ಸಹಜ ಹೆರಿಗೆಯಾಗಿಲ್ಲ, ಉರಿಮೂತ್ರದ ಕಾಟವಿಲ್ಲ, ಹಾರ್ಮೋನು ಬೇಡ, ಕಾಪರ್ ಟಿ ಒಗ್ಗಲಿಲ್ಲ. ಸಿಲಿಕೋನ್ ಸಾಧನದಲ್ಲಿ ರಬ್ಬರ್ ಇಲ್ಲದ ಕಾರಣ ಪತಿಯ ಅಲರ್ಜಿಗೂ ತೊಂದರೆಯಿಲ್ಲ. ಎರಡನೇ ಮಗು ಒಂದು ವರ್ಷ ಮುಂಚೆ ಬಂದರೂ ಸಂತೋಷವೇ ಎಂದು ಬರೆದಿದ್ದೀರಿ. ಈ ಮನಃಸ್ಥಿತಿಯೇ ಮುಖ್ಯ. ಡಯಾಫ್ರಮ್ ನಿಮಗೆ ಪ್ರಯತ್ನಿಸಿ ನೋಡಬಹುದಾದ ವಿಧಾನ.

ಆದರೆ ದಾರಿ ಸುಲಭವಲ್ಲ. ಸರ್ಕಾರದ ಉಚಿತ ಸಾಧನಗಳಲ್ಲಿ ಇದು ಸೇರಿಲ್ಲ. ನಮ್ಮ ಪೇಟೆಯ ಮೆಡಿಕಲ್ ಅಂಗಡಿಗಳಲ್ಲಿ ಇದನ್ನು ಇಡುವುದಿಲ್ಲ, ತರಿಸಿಕೊಳ್ಳಬೇಕು. ಜೆಲ್ಲನ್ನೂ ಜೊತೆಗೇ ತರಿಸಬೇಕು. ಅದಿಲ್ಲದೆ ಟೋಪಿಯೊಂದರಿಂದ ಪ್ರಯೋಜನ ಕಡಿಮೆ. ಹಣ ಕೊಡುವ ಮೊದಲು ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, "ಡಯಾಫ್ರಮ್ ಹಾಕಿ ಅನುಭವವಿದೆಯೇ?" ಎಂದು ನೇರವಾಗಿ ಕೇಳಿ. ಹೊಸ ತಲೆಮಾರಿನ ಅನೇಕ ವೈದ್ಯರು ಇದನ್ನು ಪುಸ್ತಕದಲ್ಲಷ್ಟೇ ಓದಿರುತ್ತಾರೆ. ಗರ್ಭಕೊರಳಿನ ಪರೀಕ್ಷೆಯನ್ನೂ ಅಂದೇ ಮಾಡಿಸಿಕೊಳ್ಳಿ. ಸಾಧನ ಬಂದ ಮೇಲೆ ಮೊದಲ ಬಾರಿ ಅವರ ಮುಂದೆಯೇ ಹಾಕಿ ನೋಡಿ. ಇಷ್ಟೂ ಆಗುವುದಿಲ್ಲವೆಂದಾದರೆ ಛಾಯಾ ಮಾತ್ರೆಯಲ್ಲಿ ಹಾರ್ಮೋನು ಇಲ್ಲ ಎಂಬುದು ನೆನಪಿರಲಿ. ರಬ್ಬರ್ ಇಲ್ಲದ ಕಾಂಡೋಮ್‌ಗಳೂ ಇವೆ, ಅವನ್ನೂ ವಿಚಾರಿಸಿ.

ಇತರ ಸಹೋದರಿಯರಿಗೂ ಒಂದು ಮಾತು. ಒಂದು ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಮಗುವಿಗೆ ಪೂರ್ಣ ಎರಡು ವರ್ಷ ಎದೆಹಾಲು ಕೊಡುವ ವಿಷಯ ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ಸೂಕ್ತದಲ್ಲಿದೆ. ಅದೇ ಸೂಕ್ತ ತಂದೆ ತಾಯಿಯ ಪರಸ್ಪರ ಸಮಾಲೋಚನೆಯನ್ನೂ ಪ್ರಸ್ತಾಪಿಸುತ್ತದೆ. ತಾಯಿಯ ರಕ್ತ ತುಂಬಿಕೊಳ್ಳಲು, ಮಗುವಿನ ಪಾಲಿನ ಹಾಲು ಮಗುವಿಗೇ ಸಿಗಲು ಆ ಎರಡು ವರ್ಷ ಬೇಕು. ವಿಧಾನ ಯಾವುದೇ ಇರಲಿ, ಇನ್ನೊಬ್ಬರಿಗೆ ಒಪ್ಪಿತು ಎಂದು ನೀವು ಎತ್ತಿಕೊಳ್ಳಬೇಡಿ. ಅಕ್ಕನ ಬಳೆ ತಂಗಿಯ ಕೈಗೆ ಆಗಬಹುದು, ಇದು ಹಾಗಲ್ಲ. ಪರೀಕ್ಷಿಸಿ, ಕೇಳಿ ತಿಳಿದು, ಪತಿಯೊಂದಿಗೆ ಕೂತು ಮಾತಾಡಿ ಆರಿಸಿಕೊಳ್ಳಿ. ಅಲ್ಲಾಹನು ನಿಮ್ಮೆಲ್ಲರಿಗೂ ಆರೋಗ್ಯ ದಯಪಾಲಿಸಲಿ.